ಬೀಗರ ಬೆಳ್ಳಿ, ಸೊರಬದ ಹುದುಲು

ಕಾಲಿಟ್ಟದ್ದು ಹಸಿರು ಹುಲ್ಲಿನ ಮೇಲೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತೊಡೆಯವರೆಗೂ ಕೆಸರು. "ಅಯ್ಯೋ ಮಾರಾಯ್ತಿ, ಅದು ಹುದುಲು ಕಣ್ರೀ!" ಎಂದು ಜೊತೆಗಿದ್ದ ಗೌರಮ್ಮ ಕಿರುಚಿ ನನ್ನ ರಟ್ಟೆ ಹಿಡಿದೆಳೆದರು. ಮೇಲೆ ಹುಲ್ಲು, ಕೆಳಗೆ ತಳ ಸಿಗದ ಕಪ್ಪು ಕೆಸರು ಇರುವ ಜಾಗಕ್ಕೆ ಸೊರಬದ ಕಡೆ ಹುದುಲು ಎನ್ನುತ್ತಾರೆ. ನಮ್ಮ ತವರು ಸಿಂದಗಿಯ ಎರೆಹೊಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ ನಿಜ, ಆದರೆ ಆ ಬಿರುಕು ಕಣ್ಣಿಗೆ ಕಾಣುತ್ತದೆ. ನೆಲ ಹೀಗೂ ಮೋಸ ಮಾಡುತ್ತದೆಯೇ!

ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಮೇಲೆ ನನಗೆ ಸಿಕ್ಕ ಕೆಲಸವಿದು. ಕೆರೆಯಂಚಿನ ಜೌಗು ಮಣ್ಣಿನ ಬ್ಯಾಕ್ಟೀರಿಯಾಗಳ ಅಧ್ಯಯನಕ್ಕೆ ಕೆಸರು ತುಂಬಿ ಕಳಿಸುವುದು. ಬೆಳಿಗ್ಗೆ ಸೊರಬದ ಕಡೆಯ ಆನವಟ್ಟಿಯ ಬಸ್ಸು ಹತ್ತುತ್ತೇನೆ. ನಾನು ಮಾತಾಡಿದರೆ ಜಗಳ ಶುರುವಾಯಿತೆಂದು ಬಸ್ಸಿನವರು ತಿರುಗಿ ನೋಡುತ್ತಾರೆ. ಇಲ್ಲಿ ಬೈಗುಳಕ್ಕೂ ಒಂದು "ರೀ" ಸೇರಿಸುವ ಜನ. ನಮ್ಮಲ್ಲೋ ಪ್ರೀತಿಯನ್ನೂ ಗದರಿಸಿಯೇ ಹೇಳುತ್ತಾರೆ. ರೊಟ್ಟಿ ಬಿಟ್ಟು ಅನ್ನಕ್ಕೆ ಒಗ್ಗಿಕೊಂಡೆ, ಈ ನಯಕ್ಕೆ ಒಗ್ಗುವುದೇ ಕಷ್ಟವಾಯಿತು.

ಹುದುಲಿಗೆ ಬಿದ್ದ ದಿನ ಮನೆಗೆ ಬಂದು ಕಾಲು ತೊಳೆದೆ. ಕೆಸರು ಹೋಯಿತು, ಕಪ್ಪು ಹೋಗಲಿಲ್ಲ. ಅಪ್ಪ ಕೈಯಾರೆ ಮಾಡಿಕೊಟ್ಟಿದ್ದ ಬೆಳ್ಳಿಯ ಕಾಲುಗೆಜ್ಜೆ ಇದ್ದಿಲಿನಂತೆ ಕರ್ರಗಾಗಿತ್ತು. ಅಪ್ಪ ಚಿನ್ನ ಬೆಳ್ಳಿ ಕೆಲಸದ ಪತ್ತಾರರು. ಮಾವನವರೂ ಪತ್ತಾರರೇ, ಶಿಕಾರಿಪುರದ ಪೇಟೆಯಲ್ಲಿ ಅವರದು ಬೆಳ್ಳಿ ಅಂಗಡಿ. ಒಂದೇ ದಿನದಲ್ಲಿ ಇಷ್ಟು ಕಪ್ಪಾದ ಬೆಳ್ಳಿಯನ್ನು ಕಂಡರೆ ಪತ್ತಾರರ ಮನೆಯಲ್ಲಿ ಏನೆಂದುಕೊಳ್ಳುತ್ತಾರೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಯಾರೂ ಏನೂ ಅನ್ನಲಿಲ್ಲ. ಅತ್ತೆ ಒಂದು ಕ್ಷಣ ನನ್ನ ಕಾಲು ನೋಡಿ ಒಳಗೆ ಹೋದರು. ಮರುದಿನ ಬೆಳಿಗ್ಗೆ ಅತ್ತೆಯೇ, ಮಾವನವರು ಮಾಡಿದ್ದ ಹೊಸ ಗೆಜ್ಜೆ ತಂದು ನನ್ನ ಕೈಗಿಟ್ಟರು. "ಇದನ್ನ ಹಾಕ್ಕಳಮ್ಮ. ಅದು ಪೆಟ್ಟಿಗೇಲಿ ಇರ್ಲಿ."

ನನ್ನ ಸಹನೆ ಅಷ್ಟೇ. ನೇರ ಮಾವನವರ ಮುಂದೆ ನಿಂತೆ. "ನಮ್ಮಪ್ಪನ ಬೆಳ್ಳಿ ಖೊಟ್ಟಿ ಅಂತೀರೇನ್ರೀ ಮಾವಾ?"

"ಛೆ ಛೆ, ಯಾರಮ್ಮ ಹಂಗಂದೋರು?"

"ಹಂಗಾದ್ರ ಒರೆಗಲ್ಲಿಗೆ ಹಚ್ಚಿ ನೋಡ್ರಿ."

ಮಾವನವರು ಕೈ ಹಿಂದಕ್ಕೆ ಎಳೆದುಕೊಂಡರು. "ಬೀಗರ ಬೆಳ್ಳಿನ ಒರೆಗೆ ಹಚ್ಚೋದುಂಟೇನಮ್ಮ? ನಮ್ಮ ಮನೇಲಿ ಆ ಪದ್ಧತಿ ಇಲ್ಲ."

ಬಾಯಿಂದ ಕಳ್ಳ ಎನ್ನುವುದಿಲ್ಲ, ಕಳ್ಳ ಅಲ್ಲವೆಂದು ತಿಳಿದುಕೊಳ್ಳುವುದೂ ಇಲ್ಲ! ಇಂಥ ಮರ್ಯಾದೆಯನ್ನು ನಾನು ಕಂಡೇ ಇರಲಿಲ್ಲ. ಅಪ್ಪನ ಹೆಸರು ಆ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ಹೂತುಹೋಗುವುದನ್ನು ನೆನೆದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ.

ಹುದುಲಿನ ಅಂಚಿನಲ್ಲಿ ಕುಳಿತು ಕೊಳವೆಯನ್ನು ಕೆಸರಿಗೆ ಇಳಿಸಿದೆ. ಗುಳುಗುಳು ಗುಳ್ಳೆ ಎದ್ದು ಕೊಳೆತ ಮೊಟ್ಟೆಯ ನಾತ ಮೂಗಿಗೆ ಬಡಿಯಿತು. ಕಾಲೇಜಿನಲ್ಲಿ ಓದಿದ್ದು ಆಗ ತಲೆಗೆ ಹೊಳೆಯಿತು. ನೀರು ನಿಂತ ಈ ಮಣ್ಣಿನೊಳಗೆ ಗಾಳಿ ಇಲ್ಲ. ನಾವು ಆಮ್ಲಜನಕದಿಂದ ಉಸಿರಾಡುವಂತೆ ಇಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ಗಂಧಕ ಬೆರೆತ ಲವಣದಿಂದ ಉಸಿರಾಡಿ ಆ ನಾತದ ಅನಿಲ ಬಿಡುತ್ತವೆ. ಅದು ತಾಗಿದರೆ ಎಂಥ ಅಪ್ಪಟ ಬೆಳ್ಳಿಯೂ ಕಪ್ಪು. ಹೊಸ ಗೆಜ್ಜೆ ಬಿಚ್ಚಿ ದಾರ ಕಟ್ಟಿ ಕೆಸರಿಗೆ ಇಳಿಬಿಟ್ಟೆ. ಗೌರಮ್ಮ ನನಗೆ ತಲೆ ಕೆಟ್ಟಿತೆಂದೇ ತಿಳಿದರು.

ಸಂಜೆ ಎರಡು ಜೊತೆ ಗೆಜ್ಜೆಯನ್ನೂ ಮಾವನವರ ಮುಂದಿಟ್ಟೆ. ಎರಡೂ ಕಪ್ಪು. ತಾವೇ ಮಾಡಿದ್ದನ್ನು ಎತ್ತಿ ನೋಡಿದ ಮಾವನವರ ಮುಖ ಬಿಳಿಚಿಕೊಂಡಿತು. ಸರಸರನೆ ಅದನ್ನೇ ಒರೆಗಲ್ಲಿಗೆ ಉಜ್ಜಿದರು, ತಮ್ಮ ಕೈಕೆಲಸವನ್ನೇ ನಂಬದವರಂತೆ. ಕಲ್ಲಿನ ಮೇಲೆ ಬೆಳ್ಳಗಿನ ಗೆರೆ ಮೂಡಿತು. ಅಪ್ಪನ ಗೆಜ್ಜೆಯನ್ನು ಆಗಲೂ ಉಜ್ಜಲಿಲ್ಲ. ನಾನು ಕೆಸರಿನ ಕಥೆ ಹೇಳಿ ಮುಗಿಸಿದೆ. "ಕಣ್ಣಿಗೆ ಕಾಣದ ಜೀವಿ ಮಾಡಿದ ಕೆಲಸಕ್ಕೆ ದೇವರಂಥ ಬೀಗರನ್ನ ಅನುಮಾನಿಸಿಬಿಟ್ನಲ್ಲಮ್ಮ!" ಎಂದರು. ಅಂಟುವಾಳದ ನೀರು ಕಾಯಿಸಿ, ಅಪ್ಪನ ಗೆಜ್ಜೆಯನ್ನೇ ಮೊದಲು ತಿಕ್ಕಲು ಕುಳಿತರು.

ಅವರು ತಿಕ್ಕುತ್ತಿರುವಾಗಲೇ ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. "ಒರಿಗೆ ಹಚ್ಚಬೇಕಿತ್ತವಾ ಅವರು," ಎಂದರು. "ಹಚ್ಚಿದ್ರ ನಾ ಒಂದಿನ ಸಿಟ್ಟಾಗ್ತಿದ್ದೆ, ಅಷ್ಟ. ಮನಸಿನ್ಯಾಗ ಕಳ್ಳ ಅನ್ಕೊಂಡು ಮಾರಿ ಮುಂದ ಬೀಗರು ಅಂದ್ರ, ಅದ್ಯಾವ ಮರ್ಯಾದಿ?"

ನನ್ನ ಮನಸ್ಸಿನಲ್ಲಿದ್ದದ್ದೂ ಅದೇ ಮಾತು. ಹೂಂ ಎಂದು ಫೋನ್ ಇಟ್ಟೆ. ಮಾವನವರು ತಿಕ್ಕುವುದನ್ನು ನಿಲ್ಲಿಸಿ, ತಲೆ ಎತ್ತದೆಯೇ ಕೇಳಿದರು. "ಬೀಗರು ಏನಂದ್ರಮ್ಮ?"

"ಒರೆಗೆ ಹಚ್ಚದೆ ನನ್ನ ಮರ್ಯಾದೆ ಉಳಿಸಿದ್ರು, ಬೀಗರದು ದೊಡ್ಡ ಮನಸ್ಸು ಅಂದ್ರು ಮಾವಾ."

ಅವರ ಕಣ್ಣಲ್ಲಿ ನೀರು ಬಂತು. ಸಿಂದಗಿಯಲ್ಲಾಗಿದ್ದರೆ ಇದನ್ನು ಹಸಿ ಸುಳ್ಳು ಎನ್ನುತ್ತಿದ್ದರು. ಆ ಮಾತು ನನ್ನ ಬಾಯಿಂದ, ಇಲ್ಲಿಯವರ ಹಾಗೆಯೇ, ತಡವರಿಸದೆ ಬಂದದ್ದು ಕಂಡು ನಾನೇ ದಂಗಾಗಿ ನಿಂತೆ.