ಕತ್ತಲೆ ಕೋಣೆಯನ್ನು ನಂಬಿದ ಮಲ್ಲವ್ವ

ಕ್ಲೇಟನ್ನಿನಿಂದ ಗ್ಲೆನ್ ವೇವರ್ಲಿಯವರೆಗಿನ ಕನ್ನಡದ ಹೆಂಗಸರಲ್ಲಿ ಮಲ್ಲವ್ವನವರಿಂದ ರವಿಕೆ ಹೊಲಿಸಿಕೊಳ್ಳದವರು ಕಡಿಮೆ. ಹುಬ್ಬಳ್ಳಿಯಲ್ಲಿ ಕಲಿತ ಹೊಲಿಗೆಯನ್ನು ಅವರು ಮೆಲ್ಬರ್ನಿಗೂ ತಂದಿದ್ದರು. ಗಂಡ ಶಿವಬಸಪ್ಪನವರು ಕೆಲಸಕ್ಕೆ ಹೊರಟ ಮೇಲೆ ಮನೆಯ ಗ್ಯಾರೇಜಿನಲ್ಲಿ ಹೊಲಿಗೆಯಂತ್ರ ಸದ್ದು ಮಾಡತೊಡಗುತ್ತಿತ್ತು. ಎದೆಯ ಅಳತೆ ತೆಗೆಯುವಾಗ ಅವರ ಕಣ್ಣು ಟೇಪಿನ ಮೇಲಲ್ಲದೆ ಬೇರೆಲ್ಲೂ ಹೋಗುತ್ತಿರಲಿಲ್ಲ. ಅಂಕಿಯನ್ನು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಪರರ ಮಾನವನ್ನು ಅಷ್ಟು ಜೋಪಾನ ಮಾಡಿದ ಆಕೆ ತಮ್ಮ ಮಾನವನ್ನು ಅದಕ್ಕಿಂತ ಬಿಗಿಯಾಗಿ ಕಾದರು. ಆ ಬಿಗಿಯೇ ಅವರ ಆಯುಷ್ಯವನ್ನು ತಿಂದಿತೆಂದು ಬರೆಯಲು ಸಂಕಟವಾಗುತ್ತದೆ. ಆದರೂ ಬರೆಯಬೇಕು. ಅವರನ್ನು ಹೊಗಳಿದವರೆಲ್ಲ ಈ ಮಾತೊಂದನ್ನು ಬಿಟ್ಟೇ ಹೊಗಳಿದ್ದಾರೆ.

ಐವತ್ತು ತುಂಬಿದ ವರ್ಷ, 2003ರಲ್ಲಿ, ಸ್ತನವನ್ನು ಒತ್ತಿಹಿಡಿದು ಎಕ್ಸ್-ರೇ ತೆಗೆಯುವ ಮ್ಯಾಮೊಗ್ರಾಮ್ ತಪಾಸಣೆಗೆ ಅವರಿಗೆ ಕರೆ ಬಂತು. ಹೋದಷ್ಟೇ ಬೇಗ ಮರಳಿದರು. ಗೌನು ಕೊಟ್ಟ ಹುಡುಗಿ ಕೊರಳಲ್ಲಿರುವುದನ್ನೆಲ್ಲ ತೆಗೆದು ಬುಟ್ಟಿಯಲ್ಲಿಡಲು ಹೇಳಿದ್ದಳಂತೆ. ತಾಳಿಯನ್ನಾದರೂ ತೆಗೆದಿಟ್ಟಾರು, ಆದರೆ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗವಿತ್ತು. ಕೂಸಾಗಿದ್ದಾಗ ಕಟ್ಟಿದ ಲಿಂಗ ಜೀವವಿರುವವರೆಗೆ ಮೈಯಿಂದ ಬೇರೆಯಾಗಬಾರದೆಂಬ ನಂಬಿಕೆಯಲ್ಲಿ ಬೆಳೆದವರು ಅವರು.

"ನೀವು ಏನಂದ್ರಿ?" ಎಂದು, ರವಿಕೆ ಹೊಲಿಸಿಕೊಳ್ಳುತ್ತ ಅವರ ಗೆಳತಿಯೇ ಆಗಿದ್ದ ನಾನು ಕೇಳಿದೆ.

"ಥ್ಯಾಂಕ್ಯೂ ಅಂದೆ, ಸಾರಿ ಅಂದೆ, ಎದ್ದು ಬಂದೆ. ಆ ಹುಡುಗಿ ಮುಂದ ಲಿಂಗದ ಪುರಾಣ ಹೇಳ್ಕೋತ ಕುಂದರಲೇನ್ರಿ?"

ಮರುವರ್ಷ ನಿಹಾರಿಕಾ ಎಂಬ ಬೆಂಗಳೂರಿನ ಹುಡುಗಿ ಗೆಳತಿಯ ಮದುವೆಗೆಂದು ರವಿಕೆ ಹೊಲಿಸಲು ಬಂದಳು. ಕ್ಲೇಟನ್ನಿನ ಒಂದು ಪ್ರಯೋಗಾಲಯದಲ್ಲಿ ಅವಳು ಸಂಶೋಧನೆ ಮಾಡುತ್ತಿದ್ದಳು. ಸ್ತನದ ಗಡ್ಡೆಯನ್ನು ಬೆಳಕಿನಿಂದ ಪತ್ತೆಮಾಡುವ ಯಂತ್ರವೊಂದನ್ನು ಅಲ್ಲಿ ರೂಪಿಸುತ್ತಿದ್ದರು. ಅಳತೆ ಕೊಡುತ್ತಲೇ ವಿವರಿಸಿದಳು.

"ಟಾರ್ಚ್ ಮೇಲೆ ಅಂಗೈ ಇಟ್ರೆ ಕೆಂಪಗೆ ಕಾಣುತ್ತಲ್ಲಾ ಆಂಟಿ, ಅದೇ ಥರ. ನಮ್ಮದು ಕೆಂಪಿನಿಂದಾಚೆಗಿನ ಬೆಳಕು, ಕಣ್ಣಿಗೆ ಕಾಣಲ್ಲ, ಮೈಯೊಳಗೆ ಇನ್ನೂ ಆಳಕ್ಕೆ ಹೋಗುತ್ತೆ. ಗಡ್ಡೆ ಇರೋ ಕಡೆ ರಕ್ತ ಜಾಸ್ತಿ. ರಕ್ತ ಬೆಳಕನ್ನ ಹೀರ್ಕೊಂಡುಬಿಡುತ್ತೆ, ಅಲ್ಲಿ ನೆರಳು ಬೀಳುತ್ತೆ."

"ಒತ್ತತಾರೇನವ್ವಾ?"

"ಇಲ್ಲ ಆಂಟಿ."

"ನೋಡತಾರೇನು?"

"ಯಾರು ನೋಡ್ತಾರೆ? ರೂಮ್ ಪೂರ್ತಿ ಕತ್ತಲೆ. ಹೊರಗಿನ ಬೆಳಕು ಚೂರು ನುಸುಳಿದ್ರೂ ರೀಡಿಂಗ್ ಹಾಳು."

ಆ ಯಂತ್ರವನ್ನು ಅದುವರೆಗೆ ಬಿಳಿಯ ಹೆಂಗಸರ ಮೇಲಷ್ಟೇ ಪರೀಕ್ಷಿಸಿದ್ದರು. ನಮ್ಮಂಥವರ ಚರ್ಮವೇ ಎಷ್ಟು ಬೆಳಕನ್ನು ಹೀರುತ್ತದೆಂದು ತಿಳಿಯದೆ ಮುಂದುವರಿಯುವಂತಿರಲಿಲ್ಲ. ಅದಕ್ಕಾಗಿ ಆರೋಗ್ಯವಂತ ಕಂದು ಮೈಯವರು ಬೇಕಿತ್ತು. ಕತ್ತಲೆ ಎಂದ ಕೂಡಲೇ ಮಲ್ಲವ್ವ ಒಪ್ಪಿಕೊಂಡರು. ಜೊತೆಗೆ ನನ್ನನ್ನೂ ಕರೆದೊಯ್ದರು.

ದೀಪ ಆರಿಸುವ ಮುನ್ನ ನಿಹಾರಿಕಾ ಕರಡಿಗೆಯನ್ನು ನೋಡಿದಳು. "ಅಂಗೈಯಲ್ಲಿ ಹಿಡ್ಕೊಳ್ಳಿ ಆಂಟಿ, ಪೂಜೆಗೆ ಹಿಡೀತೀರಲ್ಲ, ಹಾಗೆ," ಎಂದಳು. ಮಲ್ಲವ್ವನವರ ಮುಖ ಅರಳಿತು.

ಎಲ್ಲ ಮುಗಿದು ಹೊರಬಂದಾಗ ಆ ಹುಡುಗಿ ಅವರ ಕೈಹಿಡಿದು ನಿಲ್ಲಿಸಿದಳು. "ಆಂಟಿ, ಇವತ್ತು ಟೆಸ್ಟ್ ಆಗಿದ್ದು ಮಶೀನಿಗೆ, ನಿಮಗಲ್ಲ. ನಾವು ಗಡ್ಡೆ ಹುಡುಕಲೇ ಇಲ್ಲ. ಮ್ಯಾಮೊಗ್ರಾಮ್ ಮಾತ್ರ ತಪ್ಪಿಸಬೇಡಿ."

"ಮಶೀನ ಪಾಸಾತು ಅಂದ್ರ ನಾನೂ ಪಾಸಾದಂಗ ಅಲ್ಲೇನವ್ವಾ?"

ನಿಹಾರಿಕಾ ನಕ್ಕಳು, ಮತ್ತೆ ನಗು ನಿಲ್ಲಿಸಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಮಲ್ಲವ್ವ ತಲೆಯಾಡಿಸಿದರು. ನಮ್ಮಲ್ಲಿ ತಲೆಯಾಡಿಸುವುದು ಎಷ್ಟೋ ಸಲ ಒಪ್ಪಿಗೆಯಲ್ಲ, ಬರಿಯ ಸೌಜನ್ಯ. ಬಸ್ಸಿನಲ್ಲಿ ಕುಳಿತಾಗ ಅವರು ಸಮಾಧಾನದಿಂದ, "ಲಿಂಗಕ್ಕ ಮರ್ಯಾದಿ ಕೊಡೂ ಮಶೀನೂ ಇರತಾವ ನೋಡ್ರಿ," ಎಂದರು. ಮ್ಯಾಮೊಗ್ರಾಮಿಗೆ ಮತ್ತೊಮ್ಮೆ ಕರೆ ಬಂದಾಗ ಗಂಡನಿಗೆ ಹೇಳಿದ್ದು ಇಷ್ಟೇ: "ನಂದು ಆಗೇತಿ."

2006ರಲ್ಲಿ ಮಗಳು ಆರತಿಯ ಬಾಣಂತನಕ್ಕೆಂದು ಸಿಡ್ನಿಗೆ ಹೋದರು. ಆರತಿಯ ಮನೆ ಹ್ಯಾರಿಸ್ ಪಾರ್ಕಿನಲ್ಲಿ. ಅಲ್ಲಿ ತಮ್ಮದೇ ಒಂದು ಹೊಸ ರವಿಕೆಯ ಎಡಗಡೆಯ ಟಕ್ಸನ್ನು, ಎದೆಯ ಉಬ್ಬಿಗೆ ಕೂಡುವಂತೆ ಹಾಕುವ ಮಡಿಕೆಯನ್ನು, ಅವರು ಮತ್ತೆ ಮತ್ತೆ ಬಿಚ್ಚಿ ಹೊಲಿಯುತ್ತಿದ್ದರು. ಬಟ್ಟೆ ಒಂದೇ ಕಡೆ ಸೊಟ್ಟಗೆ ಎಳೆಯುತ್ತಿತ್ತು. ಕತ್ತರಿ ಮೊಂಡಾಗಿದೆ ಎಂದರು; ಆಮೇಲೆ ಬಟ್ಟೆಯನ್ನು ಬೈದರು. ಎಷ್ಟೋ ಹೆಂಗಸರ ಮೈಗೆ ಬಟ್ಟೆ ಕೂಡಿಸಿದ ಅವರಿಗೆ, ಬದಲಾಗಿರುವುದು ಬಟ್ಟೆಯಲ್ಲ, ಮೈ ಎಂಬುದು ಹೊಳೆಯಲಿಲ್ಲ. ಆರತಿ ಕೂಸನ್ನು ಮಲಗಿಸಿ ಬಂದು ನೋಡಿದಳು. ಕನ್ನಡ ಅರ್ಥವಾದರೂ ಹೆಚ್ಚಾಗಿ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅವಳು.

"ಅವ್ವಾ, ಬ್ಲೌಸ್ ಈಸ್ ಫೈನ್. ಲೆಟ್ ಮಿ ಸೀ ಯೂ."

ಮುಂದೆ ನಡೆದದ್ದನ್ನು ಆರತಿಯೇ ನನಗೆ ಹೇಳಿದ್ದು. ಸಿಡ್ನಿಯ ಆಸ್ಪತ್ರೆಯಲ್ಲಿ ಮ್ಯಾಮೊಗ್ರಾಮ್ ಮಾಡುವ ಹೆಂಗಸೂ ಕೊರಳಲ್ಲಿರುವುದನ್ನು ತೆಗೆಯಲು ಹೇಳಿದಳು. ಮಲ್ಲವ್ವ ಏಳಲು ಹೊರಟರು. ಆರತಿ ಅವರ ಭುಜ ಹಿಡಿದು, ಅಮ್ಮ ಅದನ್ನು ಕೈಯಲ್ಲಿ ಹಿಡಿದುಕೊಳ್ಳಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಆಫ್ ಕೋರ್ಸ್, ಲವ್," ಎಂದ ಆಕೆ ಯಂತ್ರವನ್ನು ಹೊಂದಿಸುವುದರಲ್ಲಿ ತೊಡಗಿದಳು.

ತಪಾಸಣೆಯಾಗಿ ಕಾರಿಡಾರಿಗೆ ಬಂದ ಮೇಲೆ ಮಲ್ಲವ್ವ ಮಗಳನ್ನು ಕೇಳಿದರು: "ಇಲ್ಲೂ ನಡೀತೈತೇನು?"

"ಎಲ್ಲಾ ಕಡೆ ನಡಿಯುತ್ತೆ ಅವ್ವಾ. ಯು ಜಸ್ಟ್ ಆಸ್ಕ್."

"ಮೆಲ್ಬರ್ನಿನಾಗೂ?"

ಆರತಿ ತಾಯಿಯ ಭುಜದ ಮೇಲೆ ಸೆರಗನ್ನು ಸರಿಯಾಗಿ ಹೊದಿಸಿದಳು.

ರೋಗ ಅಷ್ಟರಲ್ಲಿ ಕಂಕುಳನ್ನು ದಾಟಿ ಎಲುಬಿಗೆ ಇಳಿದಿತ್ತು. ಮೊದಲ ಕರೆಗೇ ತಪಾಸಣೆ ಮಾಡಿಸಿಕೊಂಡಿದ್ದರೆ ಕಾಣುತ್ತಿತ್ತೋ ಇಲ್ಲವೋ, ವೈದ್ಯರು ಖಚಿತವಾಗಿ ಹೇಳಲಿಲ್ಲ. ಎರಡನೆಯ ಕರೆಗೆ ಹೋಗಿದ್ದರೆ ಬಹುಶಃ ಕಾಣುತ್ತಿತ್ತು ಎಂದರು. ಆ 'ಬಹುಶಃ' ಎಂಬ ಪದವನ್ನು ಶಿವಬಸಪ್ಪನವರು ಇಂದಿಗೂ ಬಾಯಲ್ಲಿ ತಿರುಗಿಸುತ್ತಿರುತ್ತಾರೆ.

ಮಲ್ಲವ್ವನವರನ್ನು ಕಾಣಲು ನಾನು ಸಿಡ್ನಿಗೆ ಹೋದಾಗ ಅವರು ಯಾರನ್ನೂ ದೂರಲಿಲ್ಲ. "ನಿಹಾರಿಕಾಗ ಹೇಳಬ್ಯಾಡ್ರಿ, ನೊಂದ್ಕೊಂತಾಳ. ಪಾಪ, ಆಕಿ ಎರಡ ಸರ್ತಿ ಹೇಳಿದ್ಲು," ಎಂದರು. ಆಮೇಲೆ, "ಮರ್ಯಾದಿ ಕೊಟ್ಟದ್ದು ಮಶೀನ ಅಲ್ರಿ, ಆ ಹುಡುಗಿ. ಮೊದಲ ಗೌನು ಕೊಟ್ಟಾಕಿನೂ ಕೊಡತಿದ್ಲೇನೊ. ನಾ ಕೇಳಲೇ ಇಲ್ಲ," ಎಂದರು.

ಬಾಯಿಮುಚ್ಚಿ ಎದ್ದು ಬರುವುದನ್ನೇ ಮಾನವೆಂದು ನಮಗೆ ಕಲಿಸಿದವರು ಯಾರೋ ತಿಳಿಯದು. ಬಾಯಿಬಿಟ್ಟು ಕೇಳುವುದರಲ್ಲೂ ಮಾನವಿದೆಯೆಂದು ಮಲ್ಲವ್ವ ಕಲಿತದ್ದು ತಡವಾಗಿ.

2008ರ ಚಳಿಗಾಲದಲ್ಲಿ ಅವರು ಲಿಂಗೈಕ್ಯರಾದರು. ಮಣ್ಣು ಕೊಡುವ ಮುನ್ನ ನಮ್ಮ ಪದ್ಧತಿಯಂತೆ ಇಷ್ಟಲಿಂಗವನ್ನು ಅಂಗೈಯಲ್ಲಿ ಇರಿಸಬೇಕು. ಪದ್ಧತಿ ಬಲ್ಲ ಹಿರಿಯರೊಬ್ಬರು ಹೇಳಿಕೊಡಲು ಮುಂದೆ ಬಂದರು. ಅಷ್ಟರಲ್ಲಿ ಆರತಿ ತಾಯಿಯ ಎಡಗೈಯನ್ನು ಬಿಡಿಸಿ, ಲಿಂಗವನ್ನಿಟ್ಟು, ಬೆರಳುಗಳನ್ನು ಮಡಿಸಿಯಾಗಿತ್ತು.