ಫ್ಯಾನು ಆರಿಸಿದ ಮಧ್ಯಾಹ್ನ

ಹೋದ ವಾರ ಗಜೇಂದ್ರಗಡದ ಬಸ್ ನಿಲ್ದಾಣದ ಎದುರು ಕಬ್ಬಿನ ಹಾಲಿನ ಗಾಡಿಯವನು ಬರ್ಫದ ಗಡ್ಡೆಗೆ ಸುತ್ತಿದ್ದ ಗೋಣಿಚೀಲವನ್ನು ಬಿಚ್ಚಿ ಕೊಡವಿದ. ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿಯಿತು. ಗ್ಲಾಸು ಕೈಯಲ್ಲಿಯೇ ಉಳಿಯಿತು. ನಾನು ತಲೆಯೆತ್ತಿ ಎದುರಿನ ಮೇಲ್ಮಹಡಿಯತ್ತ ನೋಡಿದೆ. ಅಲ್ಲೀಗ ಹೊಸ ಕಟ್ಟಡವಿದೆ, ಪೂರ್ತಿ ಗಾಜಿನದು...

ಅಲ್ಲಿದ್ದ ಹಳೆಯ ಕಟ್ಟಡದ ಮೇಲೆ ತಗಡು ಹೊದಿಸಿದ ಎರಡು ಕೋಣೆಗಳಿದ್ದವು. ಒಂದರಲ್ಲಿ ಕೂತು ನಾನು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಆಪಾ ಕಟ್ಟಡಗಳ ನಕ್ಷೆ ಮಾಡುತ್ತಿದ್ದರು. ಆಪಾ ಅಂದರೆ ಅಕ್ಕ. ಅವರು ನನಗೆ ಬಂಧುವಲ್ಲ, ಆದರೆ ಪೇಟೆಗೆಲ್ಲ ಅವರು ಆಪಾ. ಅವರ ತಂದೆ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿ ಓದಿಸಿದ್ದರಂತೆ. ರೋಣ, ನರಗುಂದದಿಂದಲೂ ಮಂದಿ ಅವರಲ್ಲಿಗೆ ಬರುತ್ತಿದ್ದರು.

ಬಂದವರಿಗೆ ಬೇಕಾದದ್ದು ನಕ್ಷೆ, ಅದರ ಮೇಲೊಂದು ಸೀಲು. ಆಪಾ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಕಟ್ಟಡವನ್ನು ಮೊದಲು ಕಂಪ್ಯೂಟರಿನೊಳಗೆ ಕಟ್ಟುತ್ತಿದ್ದರು. ಅದರ ಮೇಲೆ ವರ್ಷದ ಬಿಸಿಲನ್ನೆಲ್ಲ ಹಾಯಿಸಿ, ಯಾವ ಕೋಣೆ ಯಾವ ಹೊತ್ತಿಗೆ ಎಷ್ಟು ಕಾಯುತ್ತದೆ, ಕೂಲರಿಗೆ ಎಷ್ಟು ಕರೆಂಟು ಬೇಕಾಗುತ್ತದೆ ಎಂದು ಪರದೆಯ ಮೇಲೆ ಬಣ್ಣಗಳಲ್ಲಿ ತೋರಿಸಿ ಮೊದಲೇ ಹೇಳುತ್ತಿದ್ದರು. ಆ ಸಾಫ್ಟ್‌ವೇರಿನಲ್ಲಿ ನಮ್ಮೂರಿನ ಹವಾಮಾನ ಇರಲಿಲ್ಲ, ದೂರದ ಯಾವುದೋ ಶಹರದ್ದಿತ್ತು. ಹಾಗಾಗಿ ಮಾಳಿಗೆಯ ನೆರಳಿನಲ್ಲಿ ಥರ್ಮಾಮೀಟರ್ ನೇತುಹಾಕಿ, ನೋಡಿ ಬರೆದು, ಊರಿನ ಬಿಸಿಲನ್ನೇ ಅದಕ್ಕೆ ಕಲಿಸಿದರು. ಆಪಾ ಮನೆ ಕಟ್ಟುವ ಮೊದಲೇ ಅದನ್ನು ಹಪ್ಪಳದ ಹಾಗೆ ಒಣಗಿಸುತ್ತಾರೆ ಎಂದು ಕೆಳಗಿನ ಚಹಾದಂಗಡಿಯಲ್ಲಿ ನಗುತ್ತಿದ್ದರು.

ತಗಡಿನ ಕಾವಿಗೆ ಕಂಪ್ಯೂಟರೇ ಬಂದ್ ಬೀಳುತ್ತಿತ್ತು. ಅದಕ್ಕೆಂದೇ ಆಪಾ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಿದ್ದರು. ಲೆಕ್ಕ ಪೂರ್ತಿ ಬಂದ ದಿನ ನಮ್ಮಿಬ್ಬರ ನಡುವಿನ ಗೋಡೆ ತಟ್ಟುತ್ತಿದ್ದರು. ನಾನು ಹೋಗಿ ನೋಡಬೇಕಿತ್ತು.

ಒಂದು ಬೇಸಿಗೆಯಲ್ಲಿ ಕೈಮಗ್ಗ ಸಂಘದ ಹೊಸ ಶೆಡ್ಡಿನ ಕೆಲಸ ಅವರಿಗೆ ಬಂತು. ಸಂಘದ ಅಧ್ಯಕ್ಷರು ಪೇಟೆಯ ಹಳೆಯ ವ್ಯಾಪಾರಸ್ಥರು. ಮೇಲೆ ಬರೀ ತಗಡು, ಪಶ್ಚಿಮಕ್ಕೆ ರಸ್ತೆಯ ಕಡೆ ಉದ್ದಕ್ಕೂ ಗಾಜು ಇರಲಿ, ಬಸ್ಸಿನಲ್ಲಿ ಹೋಗುವವರಿಗೆ ಸೀರೆ ಕಾಣಬೇಕು ಎಂದರು. ಆಪಾ ಲೆಕ್ಕ ಹಾಕಿ ನೋಡಿದರು. ಸೀಲು ಹಾಕುವುದಿಲ್ಲ ಎಂದರು.

“ಬಸ್ಸಿನಾಗಿನ ಮಂದಿ ಸೀರಿ ನೋಡಿ ಮುಂದ ಹೋಗ್ತಾರ್ರಿ, ಸಾವ್ಕಾರ್ರ. ಒಳಗ ಕುಂತು ನೇಯೋರು ಸಂಜಿತನಾ ಬೇಯ್ತಾರ.”

ಕಂಪ್ಯೂಟರಿನ ಬಣ್ಣ ನೋಡಿ ಶೆಡ್ಡು ಕಟ್ಟಲಿಕ್ಕೆ ಆಗುತ್ತದೇನು ಎಂದು ಅಧ್ಯಕ್ಷರು ಕೇಳಿದರು. ಸೀಲು ಹಾಕುವವರು ಬೇರೆ ಕಡೆಯೂ ಸಿಗುತ್ತಾರೆ ಎಂದೂ ಸೇರಿಸಿದರು.

“ಖರೇ, ಸಿಗ್ತಾರ್ರಿ. ಹಾಕಸ್ರಿ. ಅದಕ್ಕೂ ಮೊದಲ ಒಮ್ಮೆ ನಮ್ಮ ಖೋಲಿಗೆ ಬರ್ರಿ. ಮಧ್ಯಾಹ್ನ ಬರ್ರಿ.”

ಅಧ್ಯಕ್ಷರು ಬಂದರು. ಸಮಿತಿಯ ಕೆಲವರು, ಪುರ್ತಗೇರಿಯಿಂದ ಬಂದು ನೇಯುತ್ತಿದ್ದ ಒಬ್ಬ ಹೆಣ್ಣುಮಗಳೂ ಜೊತೆಗಿದ್ದರು. ಗೋಡೆ ತಟ್ಟಿದ್ದರಿಂದ ನಾನೂ ಹೋದೆ. ಆಪಾ ಎಲ್ಲರಿಗೂ ಚಹಾ ಕೊಟ್ಟರು. ಆಮೇಲೆ ಗೋಣಿ ಬಿಚ್ಚಿದರು, ಫ್ಯಾನು ಆರಿಸಿದರು. ಪರದೆಯ ಮೇಲೆ ನಾವು ಕೂತಿದ್ದ ಅದೇ ಕೋಣೆ ಇತ್ತು. ಆ ಹೊತ್ತಿಗೆ ಅದೆಷ್ಟು ಕಾಯಬೇಕು ಎಂಬ ಅಂಕಿಯೂ ಇತ್ತು. ಗೋಡೆಯ ಥರ್ಮಾಮೀಟರ್ ನೋಡಿ ಎಂದು ಅಧ್ಯಕ್ಷರಿಗೇ ಹೇಳಿದರು. ಅವರು ಎದ್ದು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅಂಕಿಗಳಲ್ಲಿ ಹೆಚ್ಚು ಫರಕು ಇರಲಿಲ್ಲ.

“ಈ ಖೋಲಿ ಬಗ್ಗೆ ಅದು ಸುಳ್ಳ ಹೇಳಿಲ್ಲ. ಈಗ ನಿಮ್ಮ ಶೆಡ್ ನೋಡ್ರಿ,” ಎಂದು ಆಪಾ ಇನ್ನೊಂದು ಚಿತ್ರ ತೆರೆದರು. ಶೆಡ್ಡು ಇದಕ್ಕಿಂತ ಹೆಚ್ಚು ಕಾಯುತ್ತಿತ್ತು. ಅಧ್ಯಕ್ಷರ ಅಂಗಿ ಬೆನ್ನಿಗೆ ಅಂಟಿತ್ತು. ಅವರು ಬಾಗಿಲ ಕಡೆ ನೋಡಿದರು.

ಆಪಾ ತಮ್ಮದೇ ನಕ್ಷೆ ತೋರಿಸಿದರು. ತಗಡಿನ ಕೆಳಗೆ ಇನ್ನೊಂದು ಚಾವಣಿ, ಗಾಜು ಉತ್ತರಕ್ಕೆ, ಸುತ್ತಲೂ ತಗ್ಗಿನಲ್ಲಿ ದೊಡ್ಡ ಕಿಟಕಿಗಳು. ಪುರ್ತಗೇರಿಯ ಹೆಣ್ಣುಮಗಳು ನಕ್ಕುಬಿಟ್ಟಳು.

“ಆಪಾ, ಅಷ್ಟು ಗಾಳಿ ಮಗ್ಗದ ಹಾಸಿನ ನೂಲಿಗೆ ಬಡದ್ರ ಎಳಿ ಒಣಗಿ ಹರೀತಾವ. ನಾವು ತಣ್ಣಗ ಕುಂತು ಬರೇ ಗಂಟ ಹಾಕೋದ ಆಗ್ತೈತಿ.”

ಆಪಾ ಕೂಡ ನಕ್ಕರು. ಗಾಳಿ ಸೆಕೆಯನ್ನು ಒಯ್ಯುವುದನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೆ, ಮಗ್ಗಕ್ಕೆ ಕಟ್ಟಿದ ನೂಲನ್ನು ಮರೆತಿದ್ದೆ ಎಂದರು. ಮುಂದಿನ ವಾರವೆಲ್ಲ ಆ ಕಂಪ್ಯೂಟರು ದುಡಿಯಿತು. ಕಿಟಕಿಗಳು ಸಣ್ಣವಾದವು. ಚಾವಣಿಯ ಅಂಚಿಗೆ ಸಾಲಾಗಿ ಕಿಂಡಿಗಳು ಬಂದವು. ಕಾದ ಗಾಳಿ ಮೇಲಿನಿಂದಲೇ ಹೊರಗೆ ಹೋಗಬೇಕು, ಕೆಳಗಿನ ನೂಲಿಗೆ ತಾಗಬಾರದು.

ಸಮಿತಿ ಒಪ್ಪಿ ಶೆಡ್ಡನ್ನು ಹಾಗೆಯೇ ಕಟ್ಟಿಸಿತು. ಅಧ್ಯಕ್ಷರ ಸಿಟ್ಟು ಮಾತ್ರ ಇಳಿಯಲಿಲ್ಲ. ಉದ್ಘಾಟನೆಗೆ ಆಪಾಗೆ ಕರೆ ಹೋಗಲಿಲ್ಲ. ವೇದಿಕೆಯಲ್ಲಿ ಯಾರೂ ಅವರ ಹೆಸರು ಎತ್ತಲಿಲ್ಲ. ಆದರೂ ಆಪಾ ಬಂದರು. ಭಾಷಣ ನಡೆದಿರುವಾಗಲೇ ಶೆಡ್ಡಿನೊಳಗೆ ಹೋಗಿ, ಎಲ್ಲರಿಗೂ ಕಾಣುವ ಕಡೆ ಮೊಳೆ ಹೊಡೆದು ತಮ್ಮ ಕೋಣೆಯ ಥರ್ಮಾಮೀಟರ್ ತೂಗುಹಾಕಿದರು. ಸುತ್ತಿಗೆಯ ಸದ್ದು ಮೈಕಿನಲ್ಲೂ ಕೇಳಿಸಿತು. ಭಾಷಣ ಒಂದು ಗಳಿಗೆ ನಿಂತಿತು... ಆಪಾ ಮೊಳೆಯನ್ನು ಪೂರ್ತಿ ಹೊಡೆದೇ ಹೊರಗೆ ಬಂದರು.

ಆಪಾ ಅವರ ಕೋಣೆಯ ತಗಡನ್ನು ಬದಲಿಸಲು ಕಟ್ಟಡದ ಮಾಲೀಕ ಒಪ್ಪಲೇ ಇಲ್ಲ. ಆಪಾ ಗೋಣಿ ಒದ್ದೆ ಮಾಡುತ್ತಲೇ ಇದ್ದರು. ಆಮೇಲೆ ಕಾಯಿಲೆ ಬಿದ್ದರು. ಹುಬ್ಬಳ್ಳಿಯ ದವಾಖಾನೆಗೆ ನಾನು ನೋಡಲು ಹೋದಾಗ, ಈ ವಾರ್ಡಿನ ಪಶ್ಚಿಮದ ಕಿಟಕಿಗೆ ನೆರಳು ಬೇಕು, ಸುದ್ದಿ ಮಾಡಿ ಎಂದರು. ಮತ್ತೆ ಅವರು ಊರಿಗೆ ಬರಲಿಲ್ಲ.

ಗೋಣಿಯ ವಾಸನೆ ಬಡಿದ ಆ ದಿನ ನಾನು ಹೊರಟಿದ್ದು ಅದೇ ಶೆಡ್ಡಿಗೆ. ಹೊಸ ಸಮಿತಿಯವರು ಕಿಂಡಿಗಳನ್ನು ಮುಚ್ಚಿ ಅವುಗಳ ಮೇಲೆ ಅಡ್ಡಲಾಗಿ ಸಂಘದ ದೊಡ್ಡ ಬೋರ್ಡು ಹಾಕಬೇಕೆಂದಿದ್ದರು. ಸಭೆಗೆ ಹೊಸ ಅಧ್ಯಕ್ಷರು ಬಂದಿದ್ದರು. ಪುರ್ತಗೇರಿಯ ಆ ಹೆಣ್ಣುಮಗಳೂ ಇದ್ದಳು, ಈಗ ತಲೆ ಬೆಳ್ಳಗಾಗಿದೆ. ಥರ್ಮಾಮೀಟರಿನ ಕೆಳಗೆ ನಿಂತು ಅವಳು ಕೂಗದೆ ಮಾತಾಡಿದಳು.

“ಮುಚ್ಚೋದಾದ್ರ ಮುಚ್ಚ್ರಿ. ಅದಕ್ಕೂ ಮೊದಲ ಕಿಂಡಿಗೆ ಗೋಣಿತಟ್ಟು ಕಟ್ಟತೀವಿ, ಫ್ಯಾನ್ ಆರಸ್ತೀವಿ. ನೀವೂ ನಮ್ಮ ಜೋಡಿ ಒಂದು ಮಧ್ಯಾಹ್ನ ಕುಂದರ್ರಿ.”

ಉಳಿದ ನೇಕಾರರು ಆಗಲೇ ಗೋಣಿತಟ್ಟು ತರಲು ಎದ್ದಿದ್ದರು. ಅಧ್ಯಕ್ಷರು ಕೂರಲಿಲ್ಲ. ಬೋರ್ಡಿನ ಮಾತು ಅಲ್ಲಿಗೆ ನಿಂತಿತು.

ಸುದ್ದಿ ಬರೆದು ಕಳಿಸಿದ ಮೇಲೆ ನನ್ನ ಕೈ ತಾನಾಗಿ ಪಕ್ಕದ ಗೋಡೆಗೆ ಹೋಯಿತು. ಇದು ಬೇರೆ ಕೋಣೆ, ಬೇರೆ ಗೋಡೆ. ತಟ್ಟಿದರೆ ಆ ಕಡೆ ಆಪಾ ಇಲ್ಲ... ಕಿಂಡಿಗಳು ತೆರೆದೇ ಇವೆ.