ಅಡಿಸ್ ಅಬಾಬಾದ ಒಂಬತ್ತು ಗಂಟೆ

ಯೋಕೋಹಾಮಾದಲ್ಲಿ ನಮ್ಮ ಎದುರು ಕಟ್ಟಡದ ಗೆಳತಿ ಅಡಿಸ್ ಅಬಾಬಾದವಳು. ಮೊದಲ ಸಲ ಅವಳು ಮೂರು ಗಂಟೆಗೆ ಕಾಫಿಗೆ ಕರೆದಾಗ ನಾನು ಮಧ್ಯಾಹ್ನ ಮೂರಕ್ಕೆ ಹೋದೆ. ಪಾಪ, ಅವಳು ಬೆಳಿಗ್ಗೆ ಒಂಬತ್ತರಿಂದ ಕಾದು ಕೂತಿದ್ದಳು! ಅವರ ಊರಿನಲ್ಲಿ ಸೂರ್ಯ ಹುಟ್ಟಿದಾಗಿನಿಂದ ಗಂಟೆ ಎಣಿಸುತ್ತಾರೆ. ನಮ್ಮ ಏಳು ಅವರಿಗೆ ಒಂದು, ನಮ್ಮ ಒಂಬತ್ತು ಅವರಿಗೆ ಮೂರು. ಇಂಗ್ಲಿಷಿನಲ್ಲಿ ಮಾತಾಡುವಾಗಲೂ ಅವಳ ಬಾಯಿಗೆ ಆ ಲೆಕ್ಕವೇ ಬರುತ್ತಿತ್ತು. ಅಂದಿನಿಂದ ಅವಳು ಹೇಳಿದ ಗಂಟೆಗೆ ಆರು ಕೂಡಿಸುವುದು ನನಗೆ ಅಭ್ಯಾಸವಾಯಿತು.

ಕಾಫಿಬೀಜ ಹುರಿಯುತ್ತಾ ಊರಿನ ಕಥೆ ಹೇಳುತ್ತಿದ್ದಳು. ಬೆಟ್ಟದ ಮೇಲಿನ ಚಳಿ ತಾಳಲಾರದೆ ರಾಣಿಯೊಬ್ಬಳು ಬಿಸಿನೀರಿನ ಬುಗ್ಗೆಯ ಬಳಿ ಮನೆ ಕಟ್ಟಿಸಿ, ಆ ಜಾಗಕ್ಕೆ ಅಡಿಸ್ ಅಬಾಬಾ, ಅಂದರೆ ‘ಹೊಸ ಹೂವು’ ಎಂದು ಹೆಸರಿಟ್ಟಳಂತೆ. ಜನ ಸೇರಿ, ಸೌದೆಗೆಂದು ಸುತ್ತಲ ಕಾಡು ಬೋಳಾಗಿ, ರಾಜಧಾನಿಯನ್ನೇ ಬೇರೆ ಕಡೆ ಒಯ್ಯುವ ಮಾತು ಬಂತಂತೆ. ಕೊನೆಗೆ ನೀಲಗಿರಿ ಮರ ತಂದು ನೆಟ್ಟರಂತೆ. ನೀಲಗಿರಿ ಎಂದ ಕೂಡಲೇ ನನ್ನ ತಲೆಯಲ್ಲಿ ಊಟಿ ಬಂದು ಕೂತಿತು. ಬಿಸಿನೀರು ಎಂದಾಗ ಇಲ್ಲಿನ ಬುಗ್ಗೆಗಳ ಊರು ಹಕೋನೆ. ಕಾಣದ ಊರನ್ನು ಹೀಗೆ ಕಲಸುಮೇಲೋಗರ ಮಾಡಿಕೊಂಡು ತಲೆಯಾಡಿಸುತ್ತಿದ್ದೆ.

ಕಳೆದ ತಿಂಗಳು ಅವಳು ಖಾಯಂ ಆಗಿ ಊರಿಗೆ ಹೊರಟುನಿಂತಳು. ಅಲ್ಲಿ ಅವಳು ಬೆಳೆದ ಓಣಿಯನ್ನು ಹೊಸ ರಸ್ತೆಗೆಂದು ಕೆಡವಿದ್ದರಂತೆ.

“ಯಾವ ಊರಿಗೆ ಹೋಗ್ತಿದೀನೋ ನಂಗೇ ಗೊತ್ತಾಗ್ತಿಲ್ಲ,” ಎಂದಳು. “ನಾಳೆ ಒಂಬತ್ತಕ್ಕೆ ಕೊನೇ ಕಾಫಿಗೆ ಬಾ. ತಪ್ಪಿಸ್ಬೇಡ.”

ತಪ್ಪಿಸುವ ಮಾತೆಲ್ಲಿ? ಈ ದೇಶದಲ್ಲಿ ‘ಸುಮಿಮಾಸೆನ್’ ಎಂದು ಕ್ಷಮೆ ಕೇಳದೆ ನಾನು ಬಾಗಿಲು ಬಡಿಯಬಹುದಾದ ಮನೆ ಅದೊಂದೇ.

“ಒಂಬತ್ತು ಅಂದ್ರೆ ಬೆಳಿಗ್ಗೇನಾ?” ನನ್ನ ಗಂಡ ಕೇಳಿದರು.

“ಅವಳ ಒಂಬತ್ತು ಕಣ್ರೀ, ನಮ್ಗೆ ಮಧ್ಯಾಹ್ನ ಮೂರು. ನಿಮ್ಗೆ ಇದೆಲ್ಲ ತಿಳಿಯಲ್ಲ.”

ಬೆಳಿಗ್ಗೆ ಅಂಗಡಿಗೆ ಹೋಗಿ ಅಕ್ಕಿಹಿಟ್ಟು ತಂದು, ಕೋಡುಬಳೆ ಕರಿದು, ಮೂರಕ್ಕೆ ಸರಿಯಾಗಿ ಹೋದೆ. ಬಾಗಿಲಿಗೆ ಬೀಗ. ಕಿಟಕಿಗೆ ಪರದೆಯೂ ಇಲ್ಲ. ದಿನ ತಪ್ಪಿದೆನೋ, ಮಹಡಿ ತಪ್ಪಿದೆನೋ ತಿಳಿಯದೆ ಲಿಫ್ಟಿನಲ್ಲಿ ಇಳಿದು ಮತ್ತೆ ಹತ್ತಿದೆ. ಅದೇ ಬಾಗಿಲು. ಅಷ್ಟರಲ್ಲಿ ವಿಮಾನನಿಲ್ದಾಣದ ವೈಫೈಯಿಂದ ಅವಳ ಮೆಸೇಜ್ ಬಂತು.

“ಹನ್ನೊಂದರವರೆಗೂ ಕಾದೆ. ಸಿಮ್ ಆಗ್ಲೇ ವಾಪಸ್ ಕೊಟ್ಟಿದ್ದೆ, ಫೋನ್ ಮಾಡೋಕಾಗ್ಲಿಲ್ಲ. ನಿನ್ನ ಬಾಗಿಲೂ ಬಡಿದೆ, ಯಾರೂ ಇರ್ಲಿಲ್ಲ. ನಾನು ಹೇಳಿದ್ದು ನಿನ್ನ ಒಂಬತ್ತು.”

ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಅವಳ ಗಂಟೆ ಕಲಿತ ಜಂಬದಲ್ಲಿ, ಅವಳೂ ನನ್ನದನ್ನು ಕಲಿತಿರಬಹುದೆಂದು ನನಗೆ ಹೊಳೆಯಲೇ ಇಲ್ಲ.